ಶುಗರ್ ಇಲ್ಲ, ಬಿಪಿ ಇಲ್ಲ, ಓಟ್ಸ್ ನೆನೆಹಾಕಿದ್ದೇನೆ ಅಷ್ಟೇ

ಪ್ರಶ್ನೆ ಇದು: "ಓಟ್ಸನ್ನು ರಾತ್ರಿಯೇ ಯಾಕೆ ನೆನೆಹಾಕ್ತೀರಿ? ಪ್ಯಾಕೆಟ್ ಮೇಲೆ ಮೂರೇ ನಿಮಿಷ ಅಂತ ಬರೆದಿದೆಯಲ್ಲ?"

ಇದು ಮರ್ಯಾದಸ್ಥರು ಕೇಳುವ ರೀತಿ. ಕುಮಟಾದಲ್ಲಿ ನನಗೆ ಪರಿಚಯ ಇರುವವರಲ್ಲಿ ಅಂಥವರು ಕಡಿಮೆ. ಉಳಿದವರು ಆಫೀಸಿನಲ್ಲಿ ನಾನು ಡಬ್ಬಿ ತೆರೆದ ಕೂಡಲೇ ಇಣುಕುತ್ತಾರೆ. ಆಮೇಲೆ ದನಿ ತಗ್ಗಿಸಿ, "ಯಾವಾಗ ಗೊತ್ತಾಯ್ತು?" ಅನ್ನುತ್ತಾರೆ. ಎಂಥದ್ದು ಗೊತ್ತಾಗಿದ್ದು? "ಶುಗರ್." ಇಲ್ಲ ಮಾರಾಯ್ತಿ. "ಹಾಗಾದ್ರೆ ಕೊಲೆಸ್ಟರಾಲು." ಅದೂ ಇಲ್ಲ. "ಹೇಳ್ಕೊಳ್ಳೋದಕ್ಕೆ ನಾಚಿಕೆ ಎಂತಕ್ಕೆ? ಈಗ ಎಲ್ಲರಿಗೂ ಇರ್ತದೆ." ಅಲ್ಲಿಗೆ ನನಗೆ ಕಾಯಿಲೆ ಅಂಟಿಸಿ, ಅವರು ತಮ್ಮ ದೋಸೆಯ ಡಬ್ಬಿ ತೆರೆಯುತ್ತಾರೆ.

ಜನರನ್ನೂ ಪೂರ್ತಿ ದೂರುವ ಹಾಗಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 1997ರಲ್ಲಿ ಓಟ್ಸ್ ಕಂಪನಿಗಳಿಗೆ ಪ್ಯಾಕೆಟ್ ಮೇಲೆ ಹೃದಯಕ್ಕೆ ಒಳ್ಳೆಯದು ಎಂಬ ಮಾತು ಬರೆಯಲು ಒಪ್ಪಿಗೆ ಕೊಟ್ಟಿತು. ಓಟ್ಸಿನಲ್ಲಿರುವ ಬೀಟಾ ಗ್ಲುಕಾನ್ ಎಂಬ ನಾರು ದಿನಕ್ಕೆ 3 ಗ್ರಾಂ ಹೊಟ್ಟೆಗೆ ಹೋದರೆ ಕೊಲೆಸ್ಟರಾಲ್ ಸ್ವಲ್ಪ ಇಳಿಯುತ್ತದೆ ಅಂತ ಲೆಕ್ಕ. ನಮ್ಮೂರಿನ ಅಂಗಡಿಗೆ ಓಟ್ಸ್ ಬಂದಿದ್ದೇ ಆ ಹೃದಯದ ಚಿತ್ರದ ಜೊತೆ. ಅವಲಕ್ಕಿ ಪೊಟ್ಟಣದ ಮೇಲೆ ಯಾರೂ ಹೃದಯ ಬಿಡಿಸಲಿಲ್ಲ. ಹಾಗಾಗಿ ಅವಲಕ್ಕಿ ತಿಂಡಿ, ಓಟ್ಸ್ ಮದ್ದು.

ನನ್ನ ಮನೆಗೆ ಅದು ಬಂದ ಕಥೆಯಲ್ಲಿ ಡಾಕ್ಟರ್ ಇಲ್ಲ. ಬೆಂಗಳೂರಿನಲ್ಲಿರುವ ಮಗಳು ದೀಪಾವಳಿಗೆ ಬಂದಾಗ ಒಂದು ಕಿಲೋ ಪ್ಯಾಕೆಟ್ ತಂದಳು. ಎರಡು ದಿನ ತಿಂದಳು. ಮೂರನೇ ದಿನದಿಂದ ನನ್ನ ದೋಸೆಗೆ ಕೂತಳು. ಹೋಗುವಾಗ ಪ್ಯಾಕೆಟ್ ಇಲ್ಲೇ ಬಿಟ್ಟಳು. ದುಡ್ಡು ಕೊಟ್ಟ ಸಾಮಾನು, ಎಸೆಯಲಿಕ್ಕೆ ಬರುತ್ತದಾ? ಪ್ಯಾಕೆಟ್ ಹೇಳಿದ ಹಾಗೆ ಮೂರು ನಿಮಿಷ ಬೇಯಿಸಿದೆ. ಹೊರಗೆ ಲೋಳೆ, ಒಳಗೆ ಗಟ್ಟಿ. ಸೌಟು ಎತ್ತಿದರೆ ನೂಲು ಬರುತ್ತಿತ್ತು. ಗೂಡುದೀಪಕ್ಕೆ ಬಣ್ಣದ ಕಾಗದ ಅಂಟಿಸುವ ಮೈದಾ ಅಂಟು ಇದೆಯಲ್ಲ, ಅದೇ.

ಮಾರನೇ ರಾತ್ರಿ ಸುಮ್ನೆ ನೀರಲ್ಲಿ ಹಾಕಿಟ್ಟೆ. ಯಾವ ವಿಡಿಯೋನೂ ನೋಡಲಿಲ್ಲ. ಕಾಳು, ಅಕ್ಕಿ, ಗಟ್ಟಿ ಅವಲಕ್ಕಿ, ಎಂಥದ್ದೇ ಆಗಲಿ, ಒಣಗಿದ್ದು ಕೈಗೆ ಬಂದರೆ ಮೊದಲು ನೆನೆಹಾಕುವುದು ನಮ್ಮ ಅಭ್ಯಾಸ. ಉದ್ದು ನೆನೆಹಾಕಿದಾಗ "ಏನಾಯ್ತು ನಿಮಗೆ?" ಅಂತ ಯಾರಾದರೂ ಕೇಳಿದ್ದಾರಾ?

ಈಗ ಮೂರು ನಿಮಿಷದ ವಿಷಯ. ಓಟ್ಸ್ ಅಂದರೆ ಒಂದೇ ಸಾಮಾನಲ್ಲ. ಹೊಟ್ಟು ತೆಗೆದ ಕಾಳನ್ನು ಎರಡು ಮೂರು ತುಂಡು ಮಾಡಿದರೆ ಅದು ನುಚ್ಚು. ಸ್ಟೀಲ್ ಕಟ್ ಅಂತ ಜಾಸ್ತಿ ದುಡ್ಡಿಗೆ ಮಾರುವುದು ಅದನ್ನೇ. ಇಡೀ ಕಾಳನ್ನು ಹಬೆಯಲ್ಲಿ ಬೇಯಿಸಿ ರೋಲರಿನಲ್ಲಿ ಒತ್ತಿದರೆ ರೋಲ್ಡ್ ಓಟ್ಸ್. ಅದು ಗಟ್ಟಿ ಅವಲಕ್ಕಿ. ಇನ್ನೂ ತೆಳುವಾಗಿ ಒತ್ತಿದರೆ ಇನ್‌ಸ್ಟಂಟ್, ನಮ್ಮ ಪೇಪರ್ ಅವಲಕ್ಕಿ. ಮೂರು ನಿಮಿಷದ ಮಾತು ತೆಳುವಿಗೆ ಸರಿ. ಗಟ್ಟಿ ಅವಲಕ್ಕಿಗೆ ನೀರು ಚಿಮುಕಿಸಿ ಬಡಿಸಿದರೆ ಗಂಡ ಮಕ್ಕಳು ಬಿಡುತ್ತಾರಾ?

ಹಬೆ ಯಾಕೆ ಅಂತ ನನಗೂ ಕುತೂಹಲ ಇತ್ತು. ಓಟ್ಸಿನಲ್ಲಿ ಅಕ್ಕಿಗಿಂತ ಎಷ್ಟೋ ಜಾಸ್ತಿ ಎಣ್ಣೆಯಂಶ ಇದೆ. ಜೊತೆಗೇ ಆ ಎಣ್ಣೆಯನ್ನು ಒಡೆಯುವ ಕಿಣ್ವವೂ ಇದೆ. ಕಾಳು ಒಡೆದಾಗ ಎರಡೂ ಸೇರಿ ಬೇಗ ಕಹಿಯಾಗುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಹಬೆಯ ಬಿಸಿಗೆ ಆ ಕಿಣ್ವ ಸಾಯುತ್ತದೆ. ಕುಚ್ಚಲಕ್ಕಿಗೂ ಭತ್ತ ಮೊದಲೇ ಬೇಯಿಸುತ್ತೇವೆ, ಕಾರಣ ಬೇರೆ ಇರಬಹುದು. ಅಂತೂ ಓಟ್ಸ್ ಹಸಿ ಅಲ್ಲ. ಅದಕ್ಕೇ ನೆನೆಸಿ ಹಾಗೇ ತಿಂದರೂ ನಡೆಯುತ್ತದೆ.

"ನೆನೆಸಿದ್ರೆ ಫೈಟಿಕ್ ಆಸಿಡ್ ಹೋಗ್ತದಂತೆ, ಅದಕ್ಕಾ?" ಅಂತ ಕೇಳುವ ಓದಿದವರ ಪಂಗಡ ಒಂದಿದೆ. ಅದಕ್ಕಲ್ಲ. ಕಾಳಿನಲ್ಲಿರುವ ಕಬ್ಬಿಣ, ಸತುವು ಮೈಗೆ ಹತ್ತದ ಹಾಗೆ ಹಿಡಿದಿಡುವ ಆಮ್ಲ ಅದು. ಅದನ್ನು ಒಡೆಯುವ ಕಿಣ್ವ ಓಟ್ಸಿನಲ್ಲಿ ಮೊದಲೇ ಕಡಿಮೆ, ಇದ್ದದ್ದನ್ನೂ ಹಬೆ ಕೊಲ್ಲುತ್ತದೆ. ಬರೀ ನೀರಲ್ಲಿ ಒಂದು ರಾತ್ರಿ ಇಟ್ಟರೆ ಅಂಥ ದೊಡ್ಡ ವ್ಯತ್ಯಾಸ ಏನೂ ಆಗುವುದಿಲ್ಲ. ನಾನು ನೆನೆಹಾಕುವುದು ನುಣ್ಣಗೆ ಬೇಯಲಿ ಅಂತ. ನೀರು ನಿಧಾನಕ್ಕೆ ಚಕ್ಕೆಯ ನಡುವಿಗೆ ಇಳಿದಿದ್ದರೆ ಬೆಳಿಗ್ಗೆ ಒಳಗೂ ಹೊರಗೂ ಒಟ್ಟಿಗೆ ಬೇಯುತ್ತದೆ.

ನೆನೆಸಿದ ಓಟ್ಸನ್ನು ದೊಡ್ಡದು ಮಾಡಿದವನು ಸ್ವಿಟ್ಜರ್‌ಲ್ಯಾಂಡಿನ ಬಿರ್ಷರ್-ಬೆನ್ನರ್ ಎಂಬ ಡಾಕ್ಟರು. 1900ರ ಸುಮಾರಿಗೆ ಜ್ಯೂರಿಕ್‌ನಲ್ಲಿ. ಒಬ್ಬರಿಗೆ ಒಂದೇ ಚಮಚ ಓಟ್ಸ್, ಮೂರು ಚಮಚ ನೀರಲ್ಲಿ 12 ಗಂಟೆ ನೆನೆಸುವುದು. ತಟ್ಟೆಯ ತುಂಬ ಇರುತ್ತಿದ್ದುದು ತುರಿದ ಸೇಬು. ಆತ ಅದನ್ನು ಬಡಿಸಿದ್ದು ತನ್ನ ಆಸ್ಪತ್ರೆಯ ರೋಗಿಗಳಿಗೆ. ಸರಿ, ಒಪ್ಪಿದೆ, ಇಲ್ಲಿ ನನ್ನ ವಾದ ಸ್ವಲ್ಪ ಸಡಿಲ ಆಯಿತು. ಮುಂದೆ ಹೋಗೋಣ.

ಆ 12 ಗಂಟೆಯನ್ನು ನಂಬಿಯೇ ನಾನು ಕೆಟ್ಟದ್ದು. ಆಲ್ಪ್ಸ್ ಪಕ್ಕದ ರಾತ್ರಿ ಬೇರೆ, ಮೇ ತಿಂಗಳ ಕುಮಟಾದ ರಾತ್ರಿ ಬೇರೆ.

ಸಿರ್ಸಿಯಲ್ಲಿ ತಂಗಿಯ ಮನೆ ಒಕ್ಕಲು. ಬೆಳಿಗ್ಗೆ ಮೊದಲ ಬಸ್ಸು. ಬೇಯಿಸಲು ಹೊತ್ತಿರಲಿಲ್ಲ. ರಾತ್ರಿ ಎರಡು ಚಮಚ ಮಜ್ಜಿಗೆ ಹಾಕಿ ನೆನೆಸಿದ್ದನ್ನೇ ಡಬ್ಬಿಗೆ ಸುರಿದೆ, ಮುಚ್ಚಳ ಬಿಗಿ ಮಾಡಿ ಬ್ಯಾಗಿಗೆ ತುರುಕಿದೆ. ತಂಗಿ ಮನೆಯ ಒಲೆಯಲ್ಲಿ ಐದು ನಿಮಿಷ ಇಟ್ಟರಾಯ್ತು ಅಂತ. ಕತಗಾಲ ದಾಟಿತು, ದೇವಿಮನೆ ಘಟ್ಟ ಶುರುವಾಯಿತು. ಹುಳಿ ಬಂದು ಗಾಳಿ ಕಟ್ಟಿತೋ, ಬ್ಯಾಗಿನ ಮೇಲೆ ಯಾರದೋ ಮೊಣಕಾಲು ಒತ್ತಿತೋ. ಘಟ್ಟ ಹತ್ತುವಾಗ ಚಿಪ್ಸ್ ಪ್ಯಾಕೆಟ್ಟೂ ಉಬ್ಬುತ್ತದಲ್ಲ. ಒಂದು ದೊಡ್ಡ ತಿರುವಿನಲ್ಲಿ "ಟಪ್" ಅಂತು. ಬ್ಯಾಗಿನ ಜಿಪ್ಪಿನ ಸಂದಿಯಿಂದ ಬಿಳಿಬಿಳಿ, ತುಣುಕು ತುಣುಕು, ಹುಳಿ ವಾಸನೆಯ ಒಂದು ಪದಾರ್ಥ ನನ್ನ ಸೀರೆಯ ನೆರಿಗೆಗುಂಟ ಇಳಿಯತೊಡಗಿತು.

ದೇವಿಮನೆ ಘಟ್ಟದ ಬಸ್ಸಿನಲ್ಲಿ ಅಂಥದ್ದು ಕಂಡರೆ ಜನ ಏನು ತಿಳಿಯಬೇಕೋ ಅದನ್ನೇ ತಿಳಿದರು. ಮುಂದಿನ ಸೀಟಿನವರು ಕಾಲು ಮೇಲೆತ್ತಿದರು. ಕಂಡಕ್ಟರ್ ಬಂದು, "ಕವರ್ ಕೇಳಬೇಕಿತ್ತಲ್ಲ ಅಕ್ಕ, ನಾವು ಇಟ್ಟಿರ್ತೇವೆ" ಅಂದ. ಇದು ಓಟ್ಸ್ ಅಂತ ಹೇಳಿದೆ. "ಏನು ತಿಂದಿದ್ರೂ ಅಷ್ಟೇ ಅಕ್ಕ, ಘಟ್ಟದಲ್ಲಿ ನಿಲ್ಲೋದಿಲ್ಲ" ಅಂದ.

ಪಕ್ಕದಲ್ಲಿ ಕೂತಿದ್ದ ಅಜ್ಜಿ ಒಬ್ಬರು ಮಾತ್ರ ಕಾಲು ಎತ್ತಲಿಲ್ಲ. ಚೀಲದಿಂದ ನಿಂಬೆಹಣ್ಣು ತೆಗೆದು ನನ್ನ ಕೈಗಿಟ್ಟು, ಕಿವಿಯ ಹತ್ತಿರ ಬಂದು ಕೇಳಿದರು: "ಎಷ್ಟು ತಿಂಗಳು ತಂಗಿ?"

ನನಗೆ ಆಗ 47.

ಡಬ್ಬಿಯನ್ನೇ ಎತ್ತಿ ಅವರ ಮೂಗಿನ ಹತ್ತಿರ ಹಿಡಿದೆ. ಅವರು ಮೂಸಿದರು. ಒಂದು ಚಕ್ಕೆ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ನೋಡಿದರು. "ಇದು ಅವಲಕ್ಕಿ ಅಲ್ಲ. ಗೋದಿನೂ ಅಲ್ಲ. ಎಷ್ಟೊತ್ತು ನೆನೆದದ್ದು?" ಅಂದರು. ಆಮೇಲೆ, "ಉಪ್ಪು ಯಾವಾಗ ಹಾಕ್ತೀಯೇ? ಮೊದಲೋ, ಬೆಂದ ಮೇಲೋ?"

ಇಷ್ಟು ವರ್ಷಗಳಲ್ಲಿ ಯಾರಾದರೂ ಕೇಳಲಿ ಅಂತ ನಾನು ಕಾದಿದ್ದ ಪ್ರಶ್ನೆ ಅದು. ಸೀರೆ ಒರೆಸುವುದು ಬಿಟ್ಟು ಹೇಳಲು ಶುರು ಮಾಡಿದೆ. ಒಬ್ಬರಿಗೆ ಅರ್ಧ ಲೋಟ ಗಟ್ಟಿ ಓಟ್ಸ್, ಒಂದೂಕಾಲು ಲೋಟ ನೀರು. ಹಾಲಲ್ಲಿ ನೆನೆಸುವುದಿಲ್ಲ, ನಮ್ಮ ಸೆಕೆಗೆ ಒಡೆದು ಹೋಗುತ್ತದೆ. ಬೆಳಿಗ್ಗೆ ಆ ನೀರು ಚೆಲ್ಲುವುದಿಲ್ಲ. ದಪ್ಪ ತಳದ ಪಾತ್ರೆಗೆ ಎಲ್ಲ ಸುರಿದು, ಇನ್ನೂ ಅರ್ಧ ಲೋಟ ಬಿಸಿನೀರು ಸೇರಿಸಿ ಸಣ್ಣ ಉರಿಯಲ್ಲಿ ಇಡುವುದು. ಕುದಿ ಬಂದ ಮೇಲೆ ಉಪ್ಪು. ನಾಲ್ಕೈದು ನಿಮಿಷ ತಳ ಹಿಡಿಯದ ಹಾಗೆ ತಿರುವುತ್ತಾ ಇರಬೇಕು. ಮೊದಲು ಪಿಚ್ ಪಿಚ್ ಅನ್ನುತ್ತದೆ, ಆಮೇಲೆ ದಪ್ಪ ಗುಳ್ಳೆ ನಿಧಾನಕ್ಕೆ ಎದ್ದು ಒಡೆಯುತ್ತದೆ. ಆಗ ಒಲೆ ಆರಿಸಿ ಎರಡು ನಿಮಿಷ ಮುಚ್ಚಿಡುವುದು. ಸ್ಕಾಟ್ಲೆಂಡಿನ ಕಾರ್‌ಬ್ರಿಜ್ ಎಂಬ ಊರಲ್ಲಿ 1994ರಿಂದ ಓಟ್ಸ್ ಗಂಜಿಯ ಸ್ಪರ್ಧೆಯೇ ನಡೆಯುತ್ತದೆ, ಅಲ್ಲಿ ಮುಖ್ಯ ಬಹುಮಾನದ ಗಂಜಿಗೆ ಓಟ್ಸ್, ನೀರು, ಉಪ್ಪು ಇಷ್ಟೇ ಹಾಕಬಹುದು, ಅದನ್ನೂ ಹೇಳಿದೆ. ಅಜ್ಜಿಗೆ ಆಶ್ಚರ್ಯ ಆಗಲಿಲ್ಲ. "ಗಂಜಿಗೆ ಮತ್ತೆಂಥ ಹಾಕ್ತಾರೆ?" ಅಂದರು.

ನಂಚಿಕೊಳ್ಳಲಿಕ್ಕೆ? ಮಿಡಿ ಉಪ್ಪಿನಕಾಯಿ, ಕರಿದ ಮಜ್ಜಿಗೆ ಮೆಣಸು, ಮೇಲೆ ಅರ್ಧ ಚಮಚ ತುಪ್ಪ. ಸಿಹಿ ಬೇಕಾದ ದಿನ ತೆಂಗಿನಹಾಲು, ಸಿರ್ಸಿ ಕಡೆಯ ಜೋನಿ ಬೆಲ್ಲ. ಚಿಯಾ ಬೀಜ ಇಲ್ಲ. "ಜೋನಿ ಬೆಲ್ಲ ಹಾಕಿದ್ರೆ ಶುಗರ್ ಜಾಸ್ತಿ ಆಗೋದಿಲ್ವಾ?" ಅಂತ ಅಜ್ಜಿ ಕೇಳಲಿಲ್ಲ. "ತೆಂಗಿನಹಾಲು ಕುದಿಸಬೇಡ ಮತ್ತೆ" ಅಂದರು. ಸೆಕೆಗಾಲದಲ್ಲಿ ಮಜ್ಜಿಗೆ ಎಂತಕ್ಕೆ, ಮಳೆಗಾಲಕ್ಕೆ ಸಾಕು, ಮುಚ್ಚಳ ಅಷ್ಟು ಬಿಗಿ ಮಾಡಿದವರು ಯಾರು ಅಂತ ಬೈದರು. ಅವರು ಹೇಳಿದ್ದು ಸರಿ. ಈಗ ಏಪ್ರಿಲ್, ಮೇ ತಿಂಗಳಲ್ಲಿ ಬರೀ ನೀರು ಹಾಕಿ ಫ್ರಿಜ್ಜಿನಲ್ಲಿಡುತ್ತೇನೆ. ಮಳೆ ಹಿಡಿದ ಮೇಲೆ ಒಂದು ಚಮಚ ಮಜ್ಜಿಗೆ ಹಾಕಿ ಒಲೆಕಟ್ಟೆಯ ಮೇಲೆಯೇ ಬಿಡುತ್ತೇನೆ. ತಂಗಳನ್ನದ ಹಾಗೆ ಒಂದು ಎಳೆ ಹುಳಿ ಹಿಡಿಯುತ್ತದೆ, ಉಪ್ಪಿನಕಾಯಿಗೆ ಅದೇ ಚೆನ್ನ.

ರಾಗಿಹೊಸಳ್ಳಿ ಬಂತು. ಅಜ್ಜಿ ಚೀಲ ಎತ್ತಿಕೊಂಡು, ನನ್ನ ಭುಜ ತಟ್ಟಿ ಇಳಿಯಲು ಹೊರಟರು. ಕುಮಟಾದಿಂದ ಇಲ್ಲಿಯವರೆಗೆ ಒಬ್ಬರಿಗಾದರೂ ಅರ್ಥ ಮಾಡಿಸಿದೆ ಅಂತ ನಾನು ಹಾಯಾಗಿ ಹಿಂದೆ ಒರಗಿದೆ. ಮೆಟ್ಟಿಲ ಹತ್ತಿರ ನಿಂತು ಅವರು ಕಂಡಕ್ಟರ್‌ಗೆ ಹೇಳುವುದು ಇಡೀ ಬಸ್ಸಿಗೇ ಕೇಳಿಸಿತು:

"ಆ ತಂಗಿಗೆ ಕಿಟಕಿ ಬದಿ ಜಾಗ ಕೊಡು ತಮ್ಮಾ. ಬಸುರಿ, ಗಂಜಿ ಬಿಟ್ಟು ಬೇರೆ ಎಂತದೂ ಸೇರೋದಿಲ್ವಂತೆ."