ಖಾಲಿ ಬಿಡಲಾಗದ ಕಾಲಂ

ಡಚ್ ಈಸ್ಟ್ ಇಂಡಿಯಾ ಕಂಪನಿಯ ‘ಝಾಯ್ಟ್‌ಡಾರ್ಪ್’ ಹಡಗು 1712ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕಲ್ಬಾರಿಗೂ ಶಾರ್ಕ್ ಬೇಗೂ ನಡುವಿನ ಕಡಿದಾದ ಕರಾವಳಿಯಲ್ಲಿ ಒಡೆದುಹೋಯಿತು. ಅದರಲ್ಲಿ ಬದುಕುಳಿದವರು ಮುಂದೇನಾದರು ಎಂದು ಹುಡುಕುವ ಸಮೀಕ್ಷೆಯೊಂದರಲ್ಲಿ ದಾಖಲಾತಿಯ ಕೆಲಸ ನನ್ನದಾಗಿತ್ತು. ಕೆಲವರಾದರೂ ಬಂಡೆ ಹತ್ತಿ ಬಂದಿದ್ದರೆಂಬುದಕ್ಕೆ ಮೇಲೆ ಸಿಕ್ಕಿರುವ ಹಡಗಿನ ವಸ್ತುಗಳೇ ಆಧಾರ. ಕಗ್ಗಂಟು ಇರುವುದು ಅಲ್ಲಿಂದಾಚೆಗೆ. 1990ರಲ್ಲಿ ಉತ್ತರಕ್ಕೆ 50 ಕಿ.ಮೀ. ಆಸುಪಾಸಿನ ವೇಲ್ ಬಾವಿಯ ಬಳಿ, ನೆದರ್ಲೆಂಡ್ಸ್‌ನ ಲೈಡನ್ ನಗರದ ಚಿತ್ರ ಕೆತ್ತಿದ ತಂಬಾಕು ಡಬ್ಬಿಯ ಹಿತ್ತಾಳೆ ಮುಚ್ಚಳ ಸಿಕ್ಕಿತು. ಅಂದಿನಿಂದ ಆ ಭಾಗದಲ್ಲಿ ಯಾರು ಕೆಲಸ ಮಾಡಿದರೂ ಹಿತ್ತಾಳೆ ಕಂಡೊಡನೆ ಎದೆ ಹೊಡೆದುಕೊಳ್ಳುತ್ತದೆ.

ಬತ್ತಿದ ಒರತೆಯೊಂದರ ಪಕ್ಕದ ಟ್ರಾನ್ಸೆಕ್ಟ್‌ನಲ್ಲಿ, ಅಂದರೆ ನಡೆದು ಹುಡುಕಲು ಗುರುತು ಮಾಡಿಕೊಂಡ ನೇರ ಸಾಲಿನಲ್ಲಿ, ಹೊತ್ತು ಇಳಿಯುವಾಗ, ಲೋಹ ಪತ್ತೆಹಚ್ಚುವ ಡಿಟೆಕ್ಟರ್ ಗಟ್ಟಿ ಸಿಗ್ನಲ್ ಕೊಟ್ಟಿತು. ಮರಳು ಸರಿಸಿದಾಗ ಹಸಿರು ಕಿಲುಬು ಹಿಡಿದು ಜಜ್ಜಿಹೋದ ದುಂಡನೆಯ ಹಿತ್ತಾಳೆ ತಗಡು ಕಾಣಿಸಿತು. ಫ್ಲ್ಯಾಗ್ ನೆಟ್ಟು, ಫೈಂಡ್ ನಂಬರ್ ಕೊಟ್ಟು, ಟ್ಯಾಬ್ಲೆಟ್‌ನಲ್ಲಿ ನಮೂನೆ ತೆರೆದೆ. ‘ಕಾಲ’ ಎಂಬ ಕಾಲಂ ತುಂಬದೆ ಅದು ಸೇವ್ ಆಗುವುದಿಲ್ಲ. ಪಟ್ಟಿಯಲ್ಲಿರುವುದು ‘ಡಚ್’, ‘ಕುರಿ ಸಾಕಣೆ’, ‘ಆಧುನಿಕ’ ಎಂಬ ಆಯ್ಕೆಗಳಷ್ಟೇ. ‘ತಿಳಿದಿಲ್ಲ’ ಎಂಬುದನ್ನೂ ಸೇರಿಸಿ ಎಂದು ನಾವು ಮೊದಲೇ ಕೇಳಿಕೊಂಡಿದ್ದಕ್ಕೆ, ಅದು ವರದಿಯಲ್ಲಿ ಶೋಭಿಸುವುದಿಲ್ಲ ಎಂಬ ಉತ್ತರ ಬಂದಿತ್ತು. ಬ್ಯಾಟರಿಯ ಗುರುತು ಕೆಂಪಗಾಗಿತ್ತು, ಸುತ್ತ ನಿಂತವರಲ್ಲಿ ಯಾರೂ ಮಾತನಾಡುತ್ತಿರಲಿಲ್ಲ, ಎಲ್ಲರ ಕಣ್ಣೂ ನನ್ನ ಬೆರಳಿನ ಮೇಲಿತ್ತು. ನಾನು ‘ಡಚ್’ ಒತ್ತಿದೆ. ಜೊತೆಯಲ್ಲಿದ್ದ ಸ್ಥಳೀಯ ಮೂಲನಿವಾಸಿ ಸಮುದಾಯದ ಹಿರಿಯರೊಬ್ಬರು, “ಡಚ್ಚರದ್ದೇ ಇರಲಿ, ಇಲ್ಲಿಗೆ ತಂದವರು ನಮ್ಮವರೇ ಯಾಕಾಗಿರಬಾರದು?” ಎಂದು ಕೇಳಿದರು. ಅವರ ಪ್ರಶ್ನೆಯನ್ನು ಬರೆದುಕೊಳ್ಳಲು ನಮೂನೆಯಲ್ಲಿ ಜಾಗವಿರಲಿಲ್ಲ, ಆ ಗಳಿಗೆಯಲ್ಲಿ ನನಗೆ ವ್ಯವಧಾನವೂ ಇರಲಿಲ್ಲ.

ಶಿಬಿರದಲ್ಲಿ ಸಿಂಕ್ ಆದ ದಾಖಲೆಯನ್ನು ಮೇಲಿನವರು ನೋಡಿದರು. ಪತ್ರಿಕಾ ಹೇಳಿಕೆಯ ಕರಡೂ ಸಿದ್ಧವಾಯಿತು. ಪ್ರಯೋಗಾಲಯದ ಎಕ್ಸ್‌ರೇಯಲ್ಲಿ ಕಂಡದ್ದು ಅಂಚಿನುದ್ದಕ್ಕೂ ಸಣ್ಣ ತೂತುಗಳ ಸಾಲು ಮತ್ತು ನಡುವೆ ಬತ್ತಿ ಹಾಯುವ ಸೀಳು: ಅದು ಕುರಿ ಸಾಕಣೆಯ ಕಾಲದ ಸೀಮೆಎಣ್ಣೆ ದೀಪದ ಬರ್ನರ್. ಹುಟ್ಟೂರಿನಲ್ಲಿ ಲಾಟೀನಿನ ಬೆಳಕಿನಲ್ಲಿ ಓದಿ ಬೆಳೆದವನಿಗೆ ಅದರ ಗುರುತು ಹತ್ತದೆ ಹೋದದ್ದನ್ನು ನೆನೆದರೆ ಈಗಲೂ ಮುಜುಗರವಾಗುತ್ತದೆ.

ಆದರೆ ಹಿರಿಯರ ಪ್ರಶ್ನೆ ಬರ್ನರ್‌ಗಿಂತ ದೊಡ್ಡದು. ಲೈಡನ್ ಮುಚ್ಚಳ ನಿಜವಾಗಿ ಹಡಗಿನದೇ ಆಗಿದ್ದರೂ, ಅದನ್ನು ಬಾವಿಯವರೆಗೆ ಒಯ್ದದ್ದು ನಾವಿಕನೋ, ಕೈಯಿಂದ ಕೈಗೆ ವಸ್ತುಗಳನ್ನು ದಾಟಿಸುತ್ತಿದ್ದ ಅಲ್ಲಿನ ಜನರೋ, ಅಥವಾ 1927ರಲ್ಲಿ ಅವಶೇಷಗಳು ಪತ್ತೆಯಾದ ಮೇಲೆ ಅಲ್ಲಿ ಓಡಾಡಿದ ಕುರಿ ಫಾರ್ಮಿನ ಕೆಲಸಗಾರರೋ ಎಂಬುದನ್ನು ಆ ಲೋಹ ಹೇಳುವುದಿಲ್ಲ. ಹಡಗಿನ ಗುರುತು ಹಿಡಿಯಲು ನೆರವಾದ 1711ರ ಬೆಳ್ಳಿ ನಾಣ್ಯಗಳು ಒಡೆದ ಜಾಗದಲ್ಲೇ ಸಿಕ್ಕಿದ್ದರಿಂದ ಅಲ್ಲಿ ಈ ತಕರಾರು ಇರಲಿಲ್ಲ. ಒಳನಾಡಿನಲ್ಲಿ ಅದೇ ನಾಣ್ಯ ಸಿಕ್ಕರೆ, ಅದು ಯಾರ ಕಿಸೆಯಲ್ಲಿ ಬಂತೆಂದು ಮೊದಲು ಕೇಳಬೇಕಾಗುತ್ತದೆ.

ಕಾಲಂ ಈಗಲೂ ಕಡ್ಡಾಯವಾಗಿಯೇ ಉಳಿದಿದೆ. ನಾವು ಪ್ರತಿಯೊಂದಕ್ಕೂ ‘ಆಧುನಿಕ’ ಒತ್ತಿ, ಷರಾದಲ್ಲಿ ‘ನಿರ್ಧಾರವಾಗಿಲ್ಲ’ ಎಂದು ಬರೆಯುತ್ತೇವೆ. ಷರಾ ಓದುವವರಿಲ್ಲದ ಕಾರಣ, ಕಚೇರಿಯ ನಕ್ಷೆಯ ಪ್ರಕಾರ ಆ ಕರಾವಳಿಗೆ ಡಚ್ಚರು ಬಂದೇ ಇಲ್ಲ.