ಕಿಲುಬು ಹಿಡಿದ ಗೋರಿಗೆ ಅಮ್ಮನ ಮದ್ದು

"ಸಾಹುಕಾರನ ಗೋರಿ ಅಂತೀಯ, ಮೇಲೆ ನೋಡಿದ್ರೆ ಇಷ್ಟೊಂದು ಕಿಲುಬು! ಒಂದು ಹಿಡಿ ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಫಳಫಳ ಅನ್ನುತ್ತಪ್ಪ" ಅಂದರು ಅಮ್ಮ.

ನಾವು ನಿಂತಿದ್ದು ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ. 1840ರಲ್ಲಿ ಶುರುವಾದ ಜಾಗ. ಈಗ ಜನ ಇಲ್ಲಿಗೆ ನಾಯಿ ಹಿಡಿದುಕೊಂಡು ವಾಕಿಂಗ್ ಬರುತ್ತಾರೆ, ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಾರೆ. ಸ್ಮಶಾನಕ್ಕೆ ಕಾಲಿಟ್ಟರೆ ತಲೆಗೆ ಸ್ನಾನ ಆಗಲೇಬೇಕು ಎನ್ನುವ ಅಮ್ಮ, ಕೊಡಗಿನ ರಾಜಕುಮಾರಿ ಗೌರಮ್ಮ ಇಲ್ಲೇ ಮಲಗಿದ್ದಾಳೆ ಅಂದಿದ್ದಕ್ಕೆ ಹೊರಟಿದ್ದರು. ದಾರಿಯಲ್ಲಿ ಈ ಗೋರಿ ನಮ್ಮನ್ನು ತಡೆಯಿತು.

ಕಬ್ಬಿಣದ ಬೇಲಿಯೊಳಗೆ ಪುಟ್ಟ ಕಂಬಗಳು. ಅವುಗಳ ಮೇಲೆ ಅಮೃತಶಿಲೆಯ ಪೆಟ್ಟಿಗೆ, ಅದಕ್ಕೆ ತಾಮ್ರದ ಇಳಿಜಾರು ಚಾವಣಿ. ಫ್ರೆಡರಿಕ್ ಲೇಲ್ಯಾಂಡ್ ಎಂಬ ಲಿವರ್‌ಪೂಲಿನ ಹಡಗು ವ್ಯಾಪಾರಿಯದು. ಮನೆಯ ಊಟದ ಕೋಣೆಗೆ ಚಿತ್ರಕಾರ ವಿಸ್ಲರ್ ಕೈಯಲ್ಲಿ ಬಣ್ಣ ಮಾಡಿಸಿ, ಕೇಳಿದ ದುಡ್ಡಿನಲ್ಲಿ ಅರ್ಧ ಮಾತ್ರ ಕೊಟ್ಟ ಆಸಾಮಿ ಇವನೇ. ಸಿಟ್ಟಿಗೆದ್ದ ವಿಸ್ಲರ್ ಅದೇ ಗೋಡೆಯ ಮೇಲೆ ಜಗಳವಾಡುವ ಎರಡು ನವಿಲು ಬರೆದ. ಒಂದರ ಕಾಲ ಬಳಿ ನಾಣ್ಯಗಳು! ಆ ಕೋಣೆ ಈಗ ವಾಷಿಂಗ್ಟನ್ನಿನ ಮ್ಯೂಸಿಯಂನಲ್ಲಿದೆ. ಲೇಲ್ಯಾಂಡ್ 1892ರಲ್ಲಿ ತೀರಿಕೊಂಡಾಗ ಗೋರಿಯ ವಿನ್ಯಾಸ ಮಾಡಿದ್ದು ಇನ್ನೊಬ್ಬ ಚಿತ್ರಕಾರ, ಬರ್ನ್-ಜೋನ್ಸ್. ಸರ್ಕಾರದ ರಕ್ಷಿತ ಪಟ್ಟಿಯಲ್ಲಿ ಇದಕ್ಕೆ ಎರಡನೇ ದರ್ಜೆ, ಜೊತೆಗೆ ಒಂದು ಸ್ಟಾರ್, ಅಂದರೆ ಬರೀ ಎರಡನೇ ದರ್ಜೆಗಿಂತ ಒಂದು ಮೆಟ್ಟಿಲು ಮೇಲೆ. ಆ ಸ್ಟಾರ್ ಸಿಕ್ಕಿದ್ದು ಒಳಗಿರುವವನ ದುಡ್ಡಿಗಲ್ಲ, ಬರ್ನ್-ಜೋನ್ಸ್ ಕೈಗುಣಕ್ಕೆ ಅಂತ ನನ್ನ ಲೆಕ್ಕ.

ಇನ್ನು ಹುಣಸೆಹಣ್ಣಿನ ವಿಷಯ. ಆ ಹಸಿರು ಕಿಲುಬೇ ಒಳಗಿನ ತಾಮ್ರಕ್ಕೆ ಹೊದಿಕೆ. ತಿಕ್ಕಿ ತೆಗೆದರೆ ಹುಳಿ ಕೆಳಗಿನ ಅಮೃತಶಿಲೆಗೆ ಇಳಿಯುತ್ತದೆ. ಅಮೃತಶಿಲೆಗೂ ಹುಳಿಗೂ ಆಗಿಬರುವುದಿಲ್ಲ, ಕಲ್ಲು ಕರಗುತ್ತದೆ. ಲಂಡನ್ನಿನ ಹೊಗೆ ಎಷ್ಟೋ ವರ್ಷ ಮಾಡಿದ್ದೂ ಅದನ್ನೇ. ಕಲ್ಲಿದ್ದಲಿನ ಗಂಧಕ ಮಳೆನೀರಿಗೆ ಸೇರಿ, ಕಲ್ಲಿನ ಮೈ ಜಿಪ್ಸಂ ಆಗಿ, ನಯವೆಲ್ಲ ಹೋಗಿ ಸಕ್ಕರೆಯ ಹಾಗೆ ತರಿತರಿಯಾಗುತ್ತದೆ. ಅಕ್ಷರಗಳು ಅಳಿಸುತ್ತವೆ. ಪಕ್ಕದ ಗ್ರಾನೈಟ್ ಗೋರಿಗಳು ಗಟ್ಟಿಯಾಗಿವೆ, ಆದರೆ ಚೆಲುವು ಎಲ್ಲಿದೆ?

"ಕಾನೂನು ಇದೆಯಲ್ಲಪ್ಪ?" ಅಂದರು ಅಮ್ಮ. ಇದೆ. ಅನುಮತಿ ಇಲ್ಲದೆ ಇದರ ರೂಪ ಬದಲಿಸುವ ಹಾಗಿಲ್ಲ. ಮಳೆಗೆ ಅದನ್ನು ಹೇಳುವವರು ಯಾರು?

ಆಮೇಲೆ ಗೌರಮ್ಮನ ಬಳಿ ಹೋದೆವು. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಮಗಳು. 1852ರಲ್ಲಿ ಅವಳನ್ನು ಕ್ರೈಸ್ತಳನ್ನಾಗಿ ಮಾಡಿದಾಗ ವಿಕ್ಟೋರಿಯಾ ರಾಣಿಯೇ ಧರ್ಮತಾಯಿ. 1864ರಲ್ಲಿ, 22ನೇ ವಯಸ್ಸಿಗೇ ಹೋಗಿಬಿಟ್ಟಳು. ರಾಣಿಯ ಆಸ್ಬೋರ್ನ್ ಅರಮನೆಯಲ್ಲಿ ಅವಳ ಅಮೃತಶಿಲೆಯ ಪ್ರತಿಮೆ ಇದೆ, ಮರೋಚೆಟ್ಟಿ ಕಡೆದದ್ದು. ಕಲ್ಲಿಗೆ ಹಚ್ಚಿದ ಬಣ್ಣವೂ ಉಳಿದಿದೆ ಅಂದೆ.

"ಸೂರಿನಡಿ ಇದೆಯಲ್ಲ, ಉಳಿಯುತ್ತೆ. ಅಲ್ಲಿಗೇ ಕರ್ಕೊಂಡು ಹೋಗು" ಅಂದರು. ಆ ಅರಮನೆ ಇರುವುದು ದ್ವೀಪದಲ್ಲಿ, ಹಡಗು ಹತ್ತಬೇಕು ಅಂದೆ. "ಮೊದಲು ಮನೆಗೆ ನಡಿ, ಸ್ನಾನ ಆಗಲಿ."