ಅಬ್ಬಿ ಫಾಲ್ಸ್‌ಗೆ ಹೋಗುವ ಮೊದಲು ಮಡಿಕೇರಿಯನ್ನು ಒಮ್ಮೆ ನೋಡಿ

ಮಡಿಕೇರಿಗೆ ಬರುವವರ ಪಟ್ಟಿ ನನಗೆ ಬಾಯಿಪಾಠ. ಅಬ್ಬಿ ಫಾಲ್ಸ್, ಮಾಂದಲ್‌ಪಟ್ಟಿ, ದುಬಾರೆ, ತಲಕಾವೇರಿ, ಸಂಜೆಗೆ ರಾಜಾಸೀಟು, ರಾತ್ರಿಗೆ ಹೋಮ್‌ಸ್ಟೇಯಲ್ಲಿ ಕಡಂಬುಟ್ಟು, ಪಂದಿ ಕರಿ. ಮಡಿಕೇರಿ ಊರು ಮಾತ್ರ ಪಾರ್ಕಿಂಗ್ ಹುಡುಕೋಕೆ, ಹೋಂಮೇಡ್ ಚಾಕಲೇಟ್ ಕೊಳ್ಳೋಕೆ. ನಮ್ಮ ನೆಂಟರೂ ಹೀಗೇ. ಅದಕ್ಕೆ ಈ ಸಲ ಬೆಂಗಳೂರಿಂದ ಬಂದ ಅತ್ತೆ ಮಕ್ಕಳನ್ನು ಕಾರು ಹತ್ತಲು ಬಿಡದೆ ನಡೆಸಿಕೊಂಡೇ ಕರೆದುಕೊಂಡು ಹೋದೆ. ಗೊಣಗಿದರು. ಗೊಣಗಲಿ.

ಮೊದಲು ಓಂಕಾರೇಶ್ವರ. ಬಸ್ ಸ್ಟ್ಯಾಂಡಿನಿಂದ ನಡೆದುಕೊಂಡೇ ಹೋಗಬಹುದು, ದೇವಸ್ಥಾನ ತಗ್ಗಿನಲ್ಲಿದೆ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಹಾಗಾಗಿ ಬೆಳಗ್ಗೆಯೇ ಹೋಗಿ. ಮೆಟ್ಟಿಲು ಹತ್ತಿ ಕಟ್ಟಡ ಕಣ್ಣಿಗೆ ಬಿದ್ದದ್ದೇ ತಡ, ಚಿಕ್ಕವನು ಕೇಳಿದ, "ಇದು ದರ್ಗಾ ಅಲ್ವಾ?" ಅವನದೇನೂ ತಪ್ಪಿಲ್ಲ. ಗೋಪುರವಿಲ್ಲ, ಕಂಬಗಳ ನವರಂಗವಿಲ್ಲ. ನಡುವೆ ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಮಿನಾರು, ಗುಮ್ಮಟದ ತುದಿಯಲ್ಲಿ ಹೊಳೆಯುವ ಗುಂಡು, ಅದರ ಮೇಲೆ ಗಾಳಿ ದಿಕ್ಕು ತೋರಿಸುವ ಹಕ್ಕಿ. 1820ರಲ್ಲಿ ಇದನ್ನು ಕಟ್ಟಿಸಿದವನು ಲಿಂಗರಾಜೇಂದ್ರ, ಕೊಡಗನ್ನು ಆಳಿದ ಹಾಲೇರಿ ವಂಶದ ಲಿಂಗಾಯತ ರಾಜ. ಆಗ ಇದು ಅವರ ಮನೆತನದ ಕಟ್ಟಡಗಳ ಶೈಲಿಯೇ ಆಗಿತ್ತು, ಮುಂದೆ ಗದ್ದಿಗೆಗೆ, ಅಂದರೆ ಆ ರಾಜರ ಸಮಾಧಿಗಳ ಜಾಗಕ್ಕೆ, ಹೋದಾಗ ಗೊತ್ತಾಗುತ್ತದೆ. ಕಿಟಕಿಗಳನ್ನು ಹತ್ತಿರ ಹೋಗಿ ನೋಡಿ. ಸರಳುಗಳು ಪಂಚಲೋಹದವು, ಅವುಗಳ ಮೇಲೆ ರಾಜನ ಹೆಸರಿನ ಮೊದಲಕ್ಷರ 'ಲಿಂ' ಕೊರೆದಿದೆ. ಶಿವನ ಗುಡಿಯ ಕಿಟಕಿಯಲ್ಲೂ ತನ್ನ ಹೆಸರು ಬೇಕು ಅಂದವನು! ನಮ್ಮ ಹುಡುಗರು ಒಂದೊಂದೇ ಸರಳು ನೋಡುತ್ತಾ ಹೋದರು, ಅಷ್ಟು ಹೊತ್ತು ಫೋನು ಜೇಬಿನಲ್ಲೇ ಇತ್ತು.

ಗುಡಿ ಹುಟ್ಟಿದ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ರಾಜ ತನ್ನ ಸ್ವಾರ್ಥಕ್ಕೆ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ, ಅವನು ಬ್ರಹ್ಮರಾಕ್ಷಸನಾಗಿ ಕಾಡಿದ, ನಿದ್ದೆಯಿಲ್ಲದ ರಾಜ ಪರಿಹಾರ ಕೇಳಿ ಕಾಶಿಯಿಂದ ಲಿಂಗ ತರಿಸಿ ಇಲ್ಲಿ ಇಡಿಸಿದ. ಎದುರಿನ ಕೆರೆಯ ನಡುವೆ ಪುಟ್ಟ ಮಂಟಪವಿದೆ, ಅಲ್ಲಿಗೆ ಕಾಲುದಾರಿಯೂ ಇದೆ, ನೀರಿನಲ್ಲಿ ಮೀನುಗಳ ಹಿಂಡು. ಈ ಕಾಶಿಯ ವಿಷಯ ನೆನಪಿಟ್ಟುಕೊಳ್ಳಿ.

ಕೋಟೆ ಅಲ್ಲಿಂದ ದೂರವೇನಲ್ಲ. 1681ರಲ್ಲಿ ಮುದ್ದುರಾಜ ರಾಜಧಾನಿಯನ್ನು ಇಲ್ಲಿಗೆ ತಂದು ಮಣ್ಣಿನ ಕೋಟೆ ಕಟ್ಟಿದ. ಟಿಪ್ಪು ಅದನ್ನು ಕಲ್ಲಿನದು ಮಾಡಿ ಜಾಫರಾಬಾದ್ ಅಂತ ಹೆಸರಿಟ್ಟ. 1790ರಲ್ಲಿ ದೊಡ್ಡವೀರರಾಜೇಂದ್ರ ವಾಪಸ್ ಹಿಡಿದ. ಒಳಗಿನ ಅರಮನೆಯನ್ನು 1812ರಿಂದ 1814ರ ಹೊತ್ತಿಗೆ ಲಿಂಗರಾಜೇಂದ್ರ ಹೊಸದಾಗಿ ಕಟ್ಟಿಸಿದ. ಬ್ರಿಟಿಷರು ಬಂದ ಮೇಲೆ ಅಲ್ಲಿದ್ದ ವೀರಭದ್ರನ ಗುಡಿ ತೆಗೆದು ಚರ್ಚ್ ಕಟ್ಟಿದರು, ಆ ಚರ್ಚೇ ಈಗ ಸರ್ಕಾರಿ ಮ್ಯೂಸಿಯಂ. ಒಂದೇ ಕೋಟೆಯೊಳಗೆ ಎಷ್ಟು ಜನರ ಕೈ ಆಡಿದೆ ನೋಡಿ. ನಿಜ ಹೇಳಬೇಕೆಂದರೆ ಅರಮನೆ ನನಗೆ ಅರಮನೆ ಅನ್ನಿಸುವುದೇ ಇಲ್ಲ. ಎಷ್ಟೋ ವರ್ಷ ಕಚೇರಿಯಾಗಿದ್ದ ಕಟ್ಟಡ, ಆ ಫೈಲುಗಳ ಛಾಯೆ ಇನ್ನೂ ಹೋಗಿಲ್ಲ. ಹುಡುಗರಿಗೆ ಹಿಡಿಸಿದ್ದು ಗಾರೆಯ ಎರಡು ಆನೆ, ನಿಜವಾದ ಆನೆಯಷ್ಟೇ ದೊಡ್ಡವು. ಬೇಗ ನೋಡಿ ಹೊರಟೆವು.

ಗದ್ದಿಗೆಗೆ ಮಾತ್ರ ಸಮಯ ಇಟ್ಟುಕೊಳ್ಳಿ. ಮಹದೇವಪೇಟೆಯ ಅಂಗಡಿ ಸಾಲು ದಾಟಿ ಏರು ಹತ್ತಬೇಕು. ಟೂರಿಸ್ಟ್ ಗಾಡಿಗಳು ಕಡಿಮೆ, ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮಡಿಕೇರಿಯಲ್ಲಿ ಇದಕ್ಕಿಂತ ಚೆಂದದ ಕಟ್ಟಡ ಇಲ್ಲ, ಯಾರು ಬೇಕಾದರೂ ಜಗಳಕ್ಕೆ ಬರಲಿ. ಮತ್ತದೇ ಗುಮ್ಮಟ, ಮತ್ತದೇ ಮಿನಾರು, ಆದರೆ ತಲೆಯೆತ್ತಿ ನೋಡಿದರೆ ಮೇಲಿನ ಮೂಲೆಗಳಲ್ಲಿ ಬಸವಣ್ಣ ಕೂತಿದ್ದಾನೆ. ದೂರದಿಂದ ದರ್ಗಾ, ಹತ್ತಿರ ಬಂದರೆ ಶಿವಾಲಯ. ಒಳಗೆ ಪೂಜೆಯೂ ನಡೆಯುತ್ತದೆ. ಮಳೆಗಾಲದಲ್ಲಿ ಬಂದರೆ ಹುಲ್ಲಿನ ಮೇಲೆ ನಿಂತು ಫೋಟೋ ತೆಗೆಯುವವರು ಕಾಲು ನೋಡಿಕೊಳ್ಳಿ, ಜಿಗಣೆ ಕೇಳಿಕೊಂಡು ಹತ್ತುವುದಿಲ್ಲ.

ನಡುವಿನ ಕಟ್ಟಡದಲ್ಲಿ ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿ. ಪಕ್ಕದ್ದು ತಮ್ಮ ಲಿಂಗರಾಜೇಂದ್ರನದು, ಇನ್ನೊಂದು ಪಕ್ಕದ್ದು ಗುರುಗಳದು. ಗಂಡು ಮಕ್ಕಳಿಲ್ಲದ ದೊಡ್ಡವೀರರಾಜೇಂದ್ರ ಮಗಳು ದೇವಮ್ಮಾಜಿಗೇ ಪಟ್ಟ ಅಂತ ಹಟ ಹಿಡಿದಿದ್ದ. ಅವನು 1809ರಲ್ಲಿ ತೀರಿಕೊಂಡ, 1811ರ ಹೊತ್ತಿಗೆ ತಮ್ಮ ಆ ಹುಡುಗಿಯನ್ನು ಪಕ್ಕಕ್ಕೆ ಸರಿಸಿ ತಾನೇ ರಾಜನಾದ. ಈಗ ಅಣ್ಣತಮ್ಮಂದಿರು ಅಕ್ಕಪಕ್ಕ. ಹತ್ತಿರದಲ್ಲೇ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳಿವೆ. ಬೋಪು ಟಿಪ್ಪುವಿನ ಸೈನ್ಯದ ವಿರುದ್ಧ ಕಾದಾಡಿ ಸತ್ತ ದಂಡನಾಯಕ. ಸೇವೆ ಮಾಡಿದವರಿಗೂ ರಾಜರ ಬಳಿಯೇ ಜಾಗ ಸಿಕ್ಕಿದ್ದು ನನಗೆ ಬಹಳ ಇಷ್ಟ.

"ಕೊನೇ ರಾಜ ಎಲ್ಲಿ?" ಅಂತ ದೊಡ್ಡವಳು ಕೇಳಿದಳು. ಒಳ್ಳೇ ಪ್ರಶ್ನೆ. ಚಿಕ್ಕವೀರರಾಜೇಂದ್ರ ಇಲ್ಲಿಲ್ಲ. 1834ರಲ್ಲಿ ಬ್ರಿಟಿಷರು ಅವನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡರು, ಅವನನ್ನು ಕಳಿಸಿದ್ದು ಕಾಶಿಗೆ! ಅಪ್ಪ ಲಿಂಗರಾಜೇಂದ್ರ ಕಾಶಿಯಿಂದ ಲಿಂಗ ತರಿಸಿದ, ಮಗ ಗಡಿಪಾರಾಗಿ ಅಲ್ಲಿಗೇ ಹೋದ. 1852ರಲ್ಲಿ ಈಸ್ಟ್ ಇಂಡಿಯಾ ಕಂಪನಿಯಿಂದ ತನ್ನ ದುಡ್ಡು ವಾಪಸ್ ಕೇಳಲು ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೊರಟ. ವಿಕ್ಟೋರಿಯಾ ರಾಣಿ ಆ ಹುಡುಗಿಗೆ ಗಾಡ್‌ಮದರ್ ಆದಳು. ದುಡ್ಡು ಸಿಗಲಿಲ್ಲ, ರಾಜ ಅಲ್ಲೇ ತೀರಿಕೊಂಡ. ಅವನು ಕ್ರೂರಿ ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದವರು. ಅದರಲ್ಲಿ ಬ್ರಿಟಿಷರು ಸೇರಿಸಿದ್ದು ಎಷ್ಟು ಅನ್ನೋ ಅನುಮಾನ ನನಗಂತೂ ಇದೆ, ಒಬ್ಬನ ರಾಜ್ಯ ಕಿತ್ತುಕೊಂಡವರು ಅವನನ್ನು ಒಳ್ಳೆಯವನು ಅಂತ ಬರೆದಿಡುತ್ತಾರಾ?

ರಾಜಾಸೀಟಿನ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಸಂಜೆ ಹೋದರೆ ಸೂರ್ಯನಿಗಿಂತ ಸೆಲ್ಫಿ ಸ್ಟಿಕ್ಕೇ ಜಾಸ್ತಿ ಕಾಣುತ್ತದೆ, ಬೆಳಗ್ಗೆ ಮಂಜು ಇಳಿದಿರುವಾಗ ಹೋಗಿ. ಮಿಲಿಟರಿ ವಿಷಯದಲ್ಲಿ ಆಸಕ್ತಿ ಇದ್ದವರು ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಬಿಡಬೇಡಿ, 2021ರಿಂದ ಅದು ಮ್ಯೂಸಿಯಂ.

ದಸರಾದಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಕೋಟೆ ಮಾರಿಯಮ್ಮ, ದಂಡಿನ ಮಾರಿಯಮ್ಮ, ಚೌಟಿ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಈ ನಾಲ್ಕು ಗುಡಿಗಳ ಕರಗ ಊರೆಲ್ಲ ಸುತ್ತುತ್ತದೆ. ವಿಜಯದಶಮಿ ರಾತ್ರಿ ಹತ್ತು ಮಂಟಪಗಳು, ಅಂದರೆ ದೇವರ ಮೂರ್ತಿಗಳ ಅಲಂಕಾರದ ಗಾಡಿಗಳು, ಹೊರಟರೆ ಬೆಳಗಿನವರೆಗೂ ಮೆರವಣಿಗೆ. ಆಗ ಬರುವುದಾದರೆ ರೂಮು ಮೊದಲೇ ಬುಕ್ ಮಾಡಿ, ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿ, ಸ್ವೆಟರ್ ಮರೀಬೇಡಿ, ಕಾರನ್ನು ಊರೊಳಗೆ ತರುವ ಆಸೆ ಬಿಟ್ಟುಬಿಡಿ.